ತೊಟ್ಟಿಲಲ್ಲೊಂದು, ಸೊಂಟದಲ್ಲೊಂದು

ದೊಡ್ಡದಕ್ಕೆ ಒಂದೂವರೆ ವರ್ಷ, ಸಣ್ಣದಕ್ಕೆ ಹದಿನೈದು ದಿನ. ಇಂಥ ಮನೆಯನ್ನು ನಮ್ಮ ಜಮಾಅತಿನಲ್ಲಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಓಣಿಗೊಂದಾದರೂ ಉಂಟು. ಸುದ್ದಿ ಕೇಳಿದವರಲ್ಲಿ ಕೆಲವರು ಮಾಷಾ ಅಲ್ಲಾಹ್ ಎನ್ನುತ್ತಾರೆ. ಕೆಲವರು ಬಾಯಿಗೆ ಸೆರಗು ಹಿಡಿದು "ಇಷ್ಟು ಬೇಗವಾ?" ಎನ್ನುತ್ತಾರೆ. ಇಬ್ಬರೂ ಚಹಾ ಕುಡಿದು ಹೋಗುತ್ತಾರೆ. ಆಮೇಲೆ ರಾತ್ರಿ ಎರಡು ಗಂಟೆಗೆ ಎರಡು ಮಕ್ಕಳೂ ಒಟ್ಟಿಗೆ ರಾಗ ತೆಗೆದಾಗ ಕೋಣೆಯಲ್ಲಿ ಇರುವುದು ತಾಯಿ ಒಬ್ಬಳೇ.

ನಮ್ಮ ಮನೆಯಲ್ಲೂ ಎರಡರ ನಡುವೆ ಹದಿನೇಳು ತಿಂಗಳ ಅಂತರ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಸ್ವಲ್ಪ ವೈದ್ಯರಿಂದ ಕೇಳಿದ್ದು, ಸ್ವಲ್ಪ ಆಶಾ ಕಾರ್ಯಕರ್ತೆ ಹೇಳಿದ್ದು, ಉಳಿದದ್ದು ನಾವು ಮನೆಯವರೆಲ್ಲ ಸೇರಿ ನಿದ್ದೆಗೆಟ್ಟು ಕಲಿತದ್ದು.

ಮೊದಲು ಆ 'ದೊಡ್ಡದು' ಎನ್ನುವ ಮಾತನ್ನೇ ನೋಡಿ. ನಿನ್ನೆ ಸಂಜೆಯವರೆಗೆ ಅದು ಮನೆಯ ಅತೀ ಸಣ್ಣ ಜೀವ. ಅದಕ್ಕೆ ಸರಿಯಾಗಿ ಹತ್ತು ಮಾತು ಬಾರದು, ಮೆಟ್ಟಿಲು ಇಳಿಯಲು ಕೈ ಹಿಡಿಯಬೇಕು, ಗಂಜಿಯನ್ನು ಬಾಯಿಗಿಂತ ಹೆಚ್ಚು ಕೂದಲಿಗೆ ತಿನ್ನಿಸುತ್ತದೆ. ಆಸ್ಪತ್ರೆಯಿಂದ ಒಂದು ಫೋನು ಬಂದದ್ದೇ ತಡ, ಅದು 'ದೊಡ್ಡದು' ಆಗಿಬಿಟ್ಟಿತು. "ನೀನು ದೊಡ್ಡವನಲ್ವಾ, ಅಳಬಾರದು." "ನೀನು ದೊಡ್ಡವಳಲ್ವಾ, ಪಾಪುಗೆ ಕೊಡು." ಒಂದು ರಾತ್ರಿಯಲ್ಲಿ ಯಾರೂ ದೊಡ್ಡವರಾಗುವುದಿಲ್ಲ ಮಾರಾಯ್ರೇ. ಹದಿನೇಳು ತಿಂಗಳ ಮಗು ಹದಿನೇಳು ತಿಂಗಳದ್ದೇ. ಆ ಮನೆಯಲ್ಲಿ ಈಗ ಒಂದು ದೊಡ್ಡ ಮಗು, ಒಂದು ಸಣ್ಣ ಮಗು ಇರುವುದಲ್ಲ; ಎರಡು ಸಣ್ಣ ಮಕ್ಕಳು ಇರುವುದು. ಇದನ್ನು ಮನೆಯವರೆಲ್ಲ ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಹಿಂದಿನವರು ಹೆರಲಿಲ್ಲವಾ?

ಈ ವಿಷಯ ಎತ್ತಿದರೆ ಸಾಕು, ಹಿರಿಯರಿಂದ ಒಂದು ಪ್ರಶ್ನೆ ಗ್ಯಾರಂಟಿ. "ನಾವು ಎಂಟು ಹತ್ತು ಹೆತ್ತೆವು, ನಮಗೆ ಇಷ್ಟೆಲ್ಲ ಕಷ್ಟ ಆಗಲಿಲ್ಲ."

ಅವರು ಸುಳ್ಳು ಹೇಳುವುದಿಲ್ಲ. ಆದರೆ ಆ ಮನೆಗಳಲ್ಲಿ ಕೈಗಳೆಷ್ಟಿದ್ದವು ಎಂಬುದನ್ನು ಮರೆತು ಹೇಳುತ್ತಾರೆ. ಅತ್ತೆ, ನಾದಿನಿಯರು, ಓರಗಿತ್ತಿಯರು, ಬೇಲಿಯಾಚೆಯ ಅಕ್ಕ ಎಲ್ಲರೂ ಕೈಗೆ ಸಿಗುತ್ತಿದ್ದರು. ಜಗಲಿಯಲ್ಲಿ ಮಡಿಲ ಮೇಲೆ ತಡ್ಪೆ ಇಟ್ಟು ಬೀಡಿ ಕಟ್ಟುತ್ತಿದ್ದ ನಾಲ್ಕು ಹೆಂಗಸರಲ್ಲಿ ಯಾರಾದರೊಬ್ಬರು ಕಾಲಿನಿಂದ ತೊಟ್ಟಿಲ ಹಗ್ಗ ಎಳೆಯುತ್ತಿದ್ದರು. ನಡೆಯುವ ಮಗು ಅಂಗಳದಲ್ಲಿ ಹತ್ತು ಮಕ್ಕಳ ನಡುವೆ ಬೆಳೆಯುತ್ತಿತ್ತು. ಅದಕ್ಕೆ ಒಂದು ಬೆಲೆಯೂ ಇತ್ತು, ಅದನ್ನೂ ಹೇಳಬೇಕು. ಎಂಟು ವರ್ಷದ ಹಿರಿಮಗಳು ತಮ್ಮನನ್ನು ಸೊಂಟದಲ್ಲಿ ಹೊತ್ತುಕೊಂಡದ್ದರಿಂದ ಶಾಲೆಗೆ ಹೋಗಲಿಲ್ಲ. ಆ ಹಿರಿಮಗಳೇ ಈಗ ನಮ್ಮ ಮನೆಗಳಲ್ಲಿ ಮೊಣಕಾಲು ನೋವಿನ ಅಜ್ಜಿ. ಕೆಲವು ತಾಯಂದಿರು ಹೆತ್ತು ಹೆತ್ತು ರಕ್ತ ಬತ್ತಿ ನಲ್ವತ್ತಕ್ಕೇ ಮುದುಕಿಯರಾದರು. ಕೆಲವು ತೊಟ್ಟಿಲುಗಳು ಖಾಲಿಯಾದವು. ಅದನ್ನೆಲ್ಲ ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟೇ.

ಈಗಿನ ಚಿತ್ರ ಬೇರೆ. ಮಂಗಳೂರಿನ ಫ್ಲಾಟೊಂದರ ಮೂರನೇ ಮಹಡಿ. ಗಂಡ ಜುಬೈಲಿನಲ್ಲೋ ದುಬೈಯಲ್ಲೋ. ಅತ್ತೆಗೆ ಶುಗರ್, ತಾಯಿಗೆ ಬಿಪಿ. ಮೊದಲ ಹೆರಿಗೆ ರೂಢಿಯಂತೆ ತವರಿನಲ್ಲಿ ಆಯಿತು; ಎರಡನೆಯದು ಎಲ್ಲಿ ಎಂಬುದರ ಬಗ್ಗೆಯೇ ಎರಡು ಮನೆಗಳ ನಡುವೆ ಮೆಲ್ಲನೆ ಹಗ್ಗಜಗ್ಗಾಟ. ನಮ್ಮ ಅಭಿಪ್ರಾಯ ಕೇಳಿದರೆ, ಎಲ್ಲಿ ದೊಡ್ಡ ಮಗುವನ್ನು ನೋಡಿಕೊಳ್ಳುವ ಗಟ್ಟಿ ಕೈಗಳು ಹೆಚ್ಚು ಉಂಟೋ ಅಲ್ಲಿ. ಯಾರ ಮರ್ಯಾದೆ ಯಾವ ಮನೆಯಲ್ಲಿ ಎನ್ನುವುದು ಆಮೇಲಿನ ಮಾತು.

ಹೆರಿಗೆಗೆ ಮೊದಲೇ

ಒಂದೂವರೆ ವರ್ಷದ ಮಗುವಿಗೆ "ತಮ್ಮ ಬರ್ತಾನೆ" ಎಂದು ಆರು ತಿಂಗಳಿಂದ ಹೇಳಿದರೂ ಅದಕ್ಕೆ ಏನೂ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ತನ್ನ ದಿನಚರಿ ಮಾತ್ರ. ಯಾರು ಸ್ನಾನ ಮಾಡಿಸುವುದು, ಯಾರ ಮಗ್ಗುಲಲ್ಲಿ ಮಲಗುವುದು, ಯಾರ ಕೈಯಿಂದ ರಾಗಿ ಮಣ್ಣಿ ತಿನ್ನುವುದು. ಇದರಲ್ಲಿ ಏನಾದರೂ ಬದಲಾಯಿಸುವುದಿದ್ದರೆ ಹೆರಿಗೆಗೆ ಒಂದೆರಡು ತಿಂಗಳ ಮೊದಲೇ ಬದಲಾಯಿಸಬೇಕು. ಅಜ್ಜಿಯ ಹತ್ತಿರ ಮಲಗುವ ಅಭ್ಯಾಸ ಆಗಬೇಕಾದರೆ ಏಳನೇ ತಿಂಗಳಲ್ಲೇ ಶುರು ಮಾಡಿ. ಪಾಪು ಬಂದ ದಿನವೇ ಹಾಸಿಗೆಯೂ ಬದಲು, ಕೋಣೆಯೂ ಬದಲು ಎಂದಾದರೆ ಆ ಮಗು ಲೆಕ್ಕ ಹಾಕುವುದು ಒಂದೇ: ಇದು ಬಂತು, ನನ್ನ ಜಾಗ ಹೋಯಿತು.

ಮನೆಗೆ ಬರುವ ಹೊತ್ತು ಕೂಡ ಮುಖ್ಯ. ಎರಡು ಮೂರು ದಿನ, ಸಿಸೇರಿಯನ್ ಆದರೆ ಇನ್ನೂ ಹೆಚ್ಚು ದಿನ ಉಮ್ಮನನ್ನು ಕಾಣದ ಮಗು ಬಾಗಿಲಲ್ಲಿ ನಿಂತಿರುತ್ತದೆ. ಆಗ ಉಮ್ಮನ ಕೈಯಲ್ಲಿ ಇನ್ನೊಂದು ಮಗು ಇರಬಾರದು. ಕೂಸನ್ನು ಬೇರೆ ಯಾರಾದರೂ ಹಿಡಿದುಕೊಳ್ಳಲಿ, ಉಮ್ಮ ಖಾಲಿ ಕೈಯಲ್ಲಿ ಒಳಗೆ ಬಂದು ಕೂರಲಿ. ನಮ್ಮ ಮನೆಯಲ್ಲಿ ಹಾಗೆ ಮಾಡಿದೆವು. ಮಗು ಮೊದಲು ಉಮ್ಮನ ಮುಖ ನೋಡಿ ತಿರುಗಿಕೊಂಡಿತು, ಸಿಟ್ಟಿನಲ್ಲಿ. ಐದು ನಿಮಿಷ ಬಾಗಿಲ ಪರದೆಯ ಹಿಂದೆ ನಿಂತು, ಆಮೇಲೆ ಬಂದು ಮಡಿಲಿಗೆ ತಲೆ ಇಟ್ಟಿತು. ಪಾಪುವನ್ನು ಅದು ಗಮನಿಸಿದ್ದೇ ಅರ್ಧ ಗಂಟೆಯ ನಂತರ. ಆ ಅರ್ಧ ಗಂಟೆ ಅದಕ್ಕೆ ಬೇಕಿತ್ತು.

ಸಿಸೇರಿಯನ್ ಆದವರಿಗೆ ಇಲ್ಲೊಂದು ಕಷ್ಟ. ಹೊಲಿಗೆ ಮಾಗುವವರೆಗೆ, ಅಂದರೆ ಸುಮಾರು ಆರು ವಾರ, ಕೂಸಿಗಿಂತ ಭಾರದ್ದನ್ನು ಎತ್ತಬೇಡಿ ಎನ್ನುತ್ತಾರೆ. ಒಂದೂವರೆ ವರ್ಷದ ಮಗು ಹತ್ತು ಕಿಲೋ ಆಸುಪಾಸು ಇರುತ್ತದೆ. ಅದು ಕೈ ಚಾಚಿ "ಎತ್ತು" ಎನ್ನುತ್ತದೆ, ಎತ್ತುವ ಹಾಗಿಲ್ಲ. ದಾರಿ ಏನೆಂದರೆ ತಾಯಿ ಕೂತುಕೊಳ್ಳುವುದು, ಮಗುವೇ ಪಕ್ಕಕ್ಕೆ ಹತ್ತಿ ಬರುವುದು. ಹೊಟ್ಟೆಯ ಮೇಲೆ ಒಂದು ತಲೆದಿಂಬು ಅಡ್ಡ ಇಟ್ಟುಕೊಂಡರೆ ಒದೆತದಿಂದ ಬಚಾವ್.

ತಮಾಷೆಯ ಮಾತು, ಮಗುವಿನ ಪಾಲಿಗೆ ಚೂರಿ

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ಓದಿ ಉಳಿದದ್ದು ಬಿಡುತ್ತೇವೆ ಎನ್ನುವವರು ಇದನ್ನು ಓದಿ.

ಕೂಸು ನೋಡಲು ಬಂದವರು ದೊಡ್ಡ ಮಗುವನ್ನು ಹತ್ತಿರ ಕರೆದು ಹೇಳುತ್ತಾರೆ: "ಆಯ್ತು, ಇನ್ನು ನಿನ್ನನ್ನು ಯಾರಿಗೂ ಬೇಡ. ಉಮ್ಮನಿಗೆ ಹೊಸ ಪಾಪು ಸಿಕ್ಕಿತಲ್ಲ." ಇನ್ನೊಬ್ಬರು, "ಈ ಪಾಪುವನ್ನು ನಾನು ತಗೊಂಡು ಹೋಗ್ತೇನೆ" ಎಂದು ಎತ್ತಿಕೊಂಡು ಬಾಗಿಲವರೆಗೆ ಹೋಗುತ್ತಾರೆ. ಮಗುವಿನ ಮುಖ ಸಣ್ಣದಾಗುತ್ತದೆ, ತುಟಿ ನಡುಗುತ್ತದೆ, ಕೋಣೆಯಲ್ಲಿದ್ದವರೆಲ್ಲ ನಗುತ್ತಾರೆ. ಅಳು ಹೊರಟರೆ "ಅಸೂಯೆ ನೋಡಿ ಇದಕ್ಕೆ" ಎಂದು ಮತ್ತೊಮ್ಮೆ ನಗುತ್ತಾರೆ. ಒಂದೇ ದಿನ ಆರು ಮಂದಿ ಬಂದರೆ ಆರು ಸಲ ಇದೇ ತಮಾಷೆ.

ಯಾರದ್ದೂ ಕೆಟ್ಟ ಮನಸ್ಸಲ್ಲ, ಗೊತ್ತು. ನಮ್ಮ ಊರಿನಲ್ಲಿ ಮಕ್ಕಳ ಜೊತೆ ಮಾತಾಡುವ ಕ್ರಮವೇ ಹಾಗೆ ಆಗಿಬಿಟ್ಟಿದೆ. ಆದರೆ ಆ ವಯಸ್ಸಿನ ಮಗುವಿಗೆ ತಮಾಷೆ ಯಾವುದು, ಸತ್ಯ ಯಾವುದು ತಿಳಿಯುವುದಿಲ್ಲ. ಅದರ ಇಡೀ ಭಯ ಇರುವುದೇ ಅಲ್ಲಿ. ನೀವು ಅದರ ಭಯವನ್ನೇ ಬಾಯಿ ಬಿಟ್ಟು ಹೇಳಿದಿರಿ. ಅತ್ತೆಯೋ ಅಜ್ಜಿಯೋ ಇಂಥ ಮಾತಿಗೆ ಅಲ್ಲೇ ತಡೆ ಹಾಕಬೇಕು. ಬಾಣಂತಿ ಸೊಸೆ ಹೇಳಿದರೆ "ಇವಳಿಗೆ ದೊಡ್ಡಸ್ತಿಕೆ" ಎಂದಾಗುತ್ತದೆ. ಹಿರಿಯರು ನಗುತ್ತಲೇ, "ನಮಗೆ ಎರಡೂ ಬೇಕು, ಯಾವುದನ್ನೂ ಕೊಡುವುದಿಲ್ಲ" ಎಂದು ಮಗುವನ್ನು ಎತ್ತಿಕೊಂಡರೆ ಬಂದವರಿಗೂ ಅರ್ಥವಾಗುತ್ತದೆ, ಮಗುವಿಗೂ.

ಈ ಸಮಯದಲ್ಲಿ ನಡೆಯುವ ಮಗು ಹಿಂದಕ್ಕೆ ನಡೆಯುತ್ತದೆ. ಬಿಟ್ಟಿದ್ದ ಬೆರಳು ಚೀಪುವುದು ಮತ್ತೆ ಶುರು. ಲೋಟದಲ್ಲಿ ಕುಡಿಯುತ್ತಿದ್ದದ್ದು ಬಾಟಲಿ ಕೇಳುತ್ತದೆ. ಹೇಳಿ ಮೂತ್ರ ಮಾಡುತ್ತಿದ್ದದ್ದು ಚಾಪೆಯಲ್ಲೇ ಮಾಡುತ್ತದೆ. ತೊಟ್ಟಿಲು ಹತ್ತಲು ಹೋಗುತ್ತದೆ. ಇದು ಹಠವೂ ಅಲ್ಲ, ಯಾರದ್ದೋ ಕಣ್ಣು ಬಿದ್ದದ್ದೂ ಅಲ್ಲ. ಪಾಪು ಹಾಗಿರುವುದಕ್ಕೇ ಎಲ್ಲರೂ ಮುದ್ದು ಮಾಡುವುದಾದರೆ ತಾನೂ ಹಾಗೆಯೇ ಇರುತ್ತೇನೆ ಎಂಬ ಸರಳ ಲೆಕ್ಕ. ಬೈಯದೆ, ನಾಚಿಸದೆ, ಆ ಬಟ್ಟೆಯನ್ನು ಸುಮ್ಮನೆ ಬದಲಾಯಿಸಿದರೆ ಕೆಲವು ವಾರಗಳಲ್ಲಿ ಮತ್ತೆ ದಾರಿಗೆ ಬರುತ್ತದೆ.

ಹೊಡೆಯುವುದು, ಚಿವುಟುವುದು ಉಂಟಲ್ಲ, ಅದು ಬೇರೆ. ಅದನ್ನು ಕೈ ಹಿಡಿದು ತಡೆಯಲೇಬೇಕು, ಆದರೆ ವಾಪಸು ಹೊಡೆಯಬಾರದು. ಹೊಡೆದರೆ ಅದು ಕಲಿಯುವುದು ದೊಡ್ಡವರು ಸಣ್ಣವರಿಗೆ ಹೊಡೆಯಬಹುದು ಎಂಬುದನ್ನೇ. ಮುಖ್ಯ ಸಂಗತಿ ಏನೆಂದರೆ, ಎರಡನ್ನೂ ಒಂದೇ ಕೋಣೆಯಲ್ಲಿ ಬಿಟ್ಟು ಒಂದು ನಿಮಿಷಕ್ಕೂ ಹೊರಗೆ ಹೋಗುವ ಹಾಗಿಲ್ಲ. ಸಿಟ್ಟಿನಿಂದ ಮಾತ್ರ ಅಪಾಯ ಎಂದುಕೊಳ್ಳಬೇಡಿ, ಪ್ರೀತಿಯಿಂದಲೂ ಅಪಾಯ ಉಂಟು. ಪಾಪುಗೆ ಹಸಿವು ಎಂದು ಬಾಳೆಹಣ್ಣಿನ ತುಂಡು ಬಾಯಿಗಿಡುತ್ತದೆ. ಚಳಿ ಎಂದು ಮುಖದ ಮೇಲೆ ಬಟ್ಟೆ ಎಳೆಯುತ್ತದೆ. ಸೀರೆಯ ತೊಟ್ಟಿಲನ್ನು ಗೋಡೆಗೆ ತಾಗುವಷ್ಟು ಜೋರಾಗಿ ತೂಗುತ್ತದೆ. ಇನ್ನೊಂದು, ಎಲ್ಲರೂ ಕೂಸಿನ ಸುತ್ತ ಇರುವಾಗ ನಡೆಯುವ ಮಗು ಎಲ್ಲಿ ಎಂದು ಯಾರೂ ನೋಡುವುದಿಲ್ಲ. ಬಚ್ಚಲಿನಲ್ಲಿ ನೀರು ತುಂಬಿದ ಬಕೆಟ್, ಬಾಣಂತಿ ಸ್ನಾನಕ್ಕೆ ಕುದಿಯುವ ಹಂಡೆ, ಅಂಗಳದ ಬಾವಿ. ಬಚ್ಚಲಿನ ಬಾಗಿಲಿಗೆ ಮಗುವಿನ ಕೈಗೆ ನಿಲುಕದ ಎತ್ತರದಲ್ಲಿ ಚಿಲಕ ಹಾಕಿಸಲು ಬಡಗಿಗೆ ಹತ್ತು ನಿಮಿಷ ಸಾಕು. ಗಂಡಸರು ಈ ಒಂದು ಕೆಲಸ ಹೆರಿಗೆಗೆ ಮೊದಲೇ ಮಾಡಿಸಿಡಿ.

ಹಾಲು ಯಾರಿಗೆ?

ಬಸುರಿ ಎಂದು ತಿಳಿದ ದಿನವೇ ಮೊದಲ ಮಗುವಿಗೆ ಎದೆಹಾಲು ಬಿಡಿಸುವುದು ನಮ್ಮಲ್ಲಿ ರೂಢಿ. "ಆ ಹಾಲು ಕೆಟ್ಟದ್ದು, ಕುಡಿದರೆ ಮಗು ಬಡಕಲಾಗುತ್ತದೆ" ಎನ್ನುತ್ತಾರೆ. ರಾತ್ರೋರಾತ್ರಿ ಎದೆಗೆ ಕಹಿ ಹಚ್ಚುತ್ತಾರೆ. ಒಂದು ವರ್ಷವೂ ತುಂಬದ ಮಗು ಕಹಿ ನೆಕ್ಕಿ ಕಿರುಚುವುದನ್ನು ಕೇಳಿದವರಿಗೆ ಗೊತ್ತು ಅದೆಂಥದ್ದು ಎಂದು.

ವೈದ್ಯರು ಹೇಳುವುದು ಬೇರೆ. ಗರ್ಭಿಣಿಯ ಹಾಲು ಕೆಡುವುದಿಲ್ಲ. ಸಾಮಾನ್ಯ ಗರ್ಭಧಾರಣೆಯಲ್ಲಿ ಹಾಲೂಡುವುದನ್ನು ಮುಂದುವರಿಸಬಹುದು. ಹಿಂದೆ ಅವಧಿಗೆ ಮುನ್ನ ಹೆರಿಗೆ ಆಗಿದ್ದರೆ, ರಕ್ತಸ್ರಾವ ಇದ್ದರೆ ಮಾತ್ರ ವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ತಿಂಗಳು ಹೋದಂತೆ ಹಾಲು ತಾನಾಗಿಯೇ ಕಡಿಮೆಯಾಗುತ್ತದೆ, ರುಚಿಯೂ ಬದಲಾಗುತ್ತದೆ. ಕೆಲವು ಮಕ್ಕಳು ಆಗ ತಾವೇ ಬಿಟ್ಟುಬಿಡುತ್ತವೆ. ಮೊದಲ ಮಗು ಬಡಕಲಾಗುವುದು ಹಾಲು ಕೆಟ್ಟದ್ದರಿಂದಲ್ಲ, ಹಾಲು ಕಡಿಮೆಯಾದಾಗ ಅದಕ್ಕೆ ಬದಲಾಗಿ ಸರಿಯಾದ ಊಟ ಸಿಗದ್ದರಿಂದ. ಗಂಜಿಯ ತಿಳಿ, ಬಿಸ್ಕತ್ತು, ಚಹಾದಲ್ಲಿ ಅದ್ದಿದ ರಸ್ಕಿನಿಂದ ಆ ಜಾಗ ತುಂಬುವುದಿಲ್ಲ. ಮೊಟ್ಟೆ, ಹೆಸರುಬೇಳೆ, ಮುಳ್ಳು ತೆಗೆದು ಹಿಸುಕಿದ ಮೀನು, ರಾಗಿ ಮಣ್ಣಿ, ತುಪ್ಪ ಹಾಕಿದ ಅನ್ನ ಕೊಡಿ. ನಮ್ಮ ಅಡುಗೆಮನೆಯಲ್ಲಿ ಇಲ್ಲದ್ದೇನಲ್ಲ ಇದು.

ಹೆರಿಗೆಯಾದ ಮೇಲೂ ಎರಡಕ್ಕೂ ಕೊಡುವ ತಾಯಂದಿರಿದ್ದಾರೆ. ಕೊಡಬಹುದು. ಮೊದಲ ಕೆಲವು ದಿನ ಬರುವ ಗಟ್ಟಿ ಹಳದಿ ಹಾಲು ಕೂಸಿನ ಹಕ್ಕು, ಆಮೇಲೂ ಸರದಿ ಕೂಸಿನದ್ದೇ ಮೊದಲು. ಹುಟ್ಟಿದ ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಆರು ತಿಂಗಳವರೆಗೆ ಅದಕ್ಕೆ ಎದೆಹಾಲು ಬಿಟ್ಟು ನೀರೂ ಬೇಡ. ಜೇನು ನೆಕ್ಕಿಸುವುದು ಹಲವರಿಗೆ ಇಷ್ಟ, ಆದರೆ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ ಎನ್ನುತ್ತಾರೆ ಮಕ್ಕಳ ವೈದ್ಯರು. ಅದರಿಂದ ಎಳೆಮಕ್ಕಳಿಗೆ ಅಪರೂಪವಾದರೂ ಪ್ರಾಣಕ್ಕೇ ಬರುವ ಕಾಯಿಲೆ ಬರಬಹುದು.

ಸೂರಃ ಅಲ್ ಬಖರದಲ್ಲಿ ಹಾಲೂಡಿಸುವುದಕ್ಕೆ ಎರಡು ಪೂರ್ಣ ವರ್ಷದ ಮಾತು ಬರುವುದು ನಮಗೆಲ್ಲ ಗೊತ್ತು. ಅದೇ ಆಯತ್ತಿನ ಮುಂದಿನ ಭಾಗವನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮಗುವಿನ ಕಾರಣಕ್ಕೆ ತಾಯಿ ಹಾನಿ ಅನುಭವಿಸಬಾರದು ಎಂದೂ, ಅದಕ್ಕೆ ಮೊದಲೇ ಬಿಡಿಸುವುದಿದ್ದರೆ ತಂದೆ ತಾಯಿ ಇಬ್ಬರೂ ಪರಸ್ಪರ ಒಪ್ಪಿ, ಸಮಾಲೋಚಿಸಿ ಬಿಡಿಸಿದರೆ ತಪ್ಪಿಲ್ಲವೆಂದೂ ಅಲ್ಲಿ ಉಂಟು. ಗಂಡ ಹೆಂಡತಿ ಕೂತು ಮಾತಾಡಬೇಕು ಎನ್ನುವುದು ಅದರೊಳಗೇ ಇದೆ. ನಮ್ಮ ಮನೆಗಳಲ್ಲಿ ಈ ತೀರ್ಮಾನ ಮಾಡುವವರು ಮಾತ್ರ ಆ ಇಬ್ಬರನ್ನು ಬಿಟ್ಟು ಬಾಕಿ ಎಲ್ಲರೂ.

ನಲ್ವತ್ತು ದಿನ, ಮುಚ್ಚಿದ ಬಾಗಿಲು

ಬಾಣಂತನದ ಸೌಖ್ಯವನ್ನು ನಾವು ಹೀಯಾಳಿಸುವವರಲ್ಲ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು, ಮೆಂತೆ ಗಂಜಿ, ಕೋಳಿ ಸಾರು, ಬೆಳ್ಳುಳ್ಳಿ, ಮಲಗಿದಲ್ಲಿಗೇ ಬರುವ ಊಟ. ಹೆತ್ತ ದೇಹಕ್ಕೆ ಇಷ್ಟು ಸೇವೆ ಬೇರೆ ಯಾವಾಗ ಸಿಗುತ್ತದೆ ಹೇಳಿ? ಮದ್ದು ಎಂದು ನೀರು ಕುಡಿಯಲು ಬಿಡದ ಒಂದು ಪದ್ಧತಿ ಮಾತ್ರ ಬಿಡಬೇಕು. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು, ಕುಡಿಯಲಿ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆ ಹೆರಿಗೆಯ ನಂತರವೂ 180 ದಿನ ನುಂಗಬೇಕು. ಮಕ್ಕಳ ನಡುವೆ ಅಂತರ ಕಡಿಮೆ ಇದ್ದವರಲ್ಲಿ ಮೊದಲ ಹೆರಿಗೆಯಲ್ಲಿ ಹೋದ ರಕ್ತವೇ ಇನ್ನೂ ತುಂಬಿರುವುದಿಲ್ಲ.

ತೊಂದರೆ ಇರುವುದು ಬಾಗಿಲಲ್ಲಿ. ಬಾಣಂತಿಗೆ ವಿಶ್ರಾಂತಿ ಬೇಕೆಂದು ದೊಡ್ಡ ಮಗುವನ್ನು ಹೊರಗೇ ಇಡುತ್ತಾರೆ. ಕೆಲವರು ನಲ್ವತ್ತು ದಿನಕ್ಕೆ ಅದನ್ನು ಇನ್ನೊಂದು ಮನೆಗೇ ಕಳಿಸುತ್ತಾರೆ. ಅದು ಮುಚ್ಚಿದ ಬಾಗಿಲಿಗೆ ಕೈಯಲ್ಲಿ ಬಡಿದು "ಉಮ್ಮಾ" ಎನ್ನುತ್ತದೆ, ಒಳಗೆ ತಾಯಿ ದಿಂಬಿಗೆ ಮುಖ ಒತ್ತಿ ಅಳುತ್ತಾಳೆ. ಇಬ್ಬರಿಗೂ ಅದರಿಂದ ವಿಶ್ರಾಂತಿ ಸಿಗಲಿಲ್ಲ. ದಿನದಲ್ಲಿ ಎರಡು ಹೊತ್ತು, ಕೂಸು ಮಲಗಿರುವಾಗ, ದೊಡ್ಡದಕ್ಕೆಂದೇ ಇಪ್ಪತ್ತು ನಿಮಿಷ ಇಡಿ. ಆ ಹೊತ್ತಿನಲ್ಲಿ ಯಾರಾದರೂ ಬಂದು "ಪಾಪು ಎದ್ದಿತಾ?" ಎಂದು ಕೇಳಬಾರದು. ನಮ್ಮಲ್ಲಿ ಅದು ಅಸರ್ ನಂತರದ ಹೊತ್ತು. ಉಮ್ಮ ಕೂದಲು ಬಾಚಿಸಿಕೊಳ್ಳುತ್ತಾಳೆ, ಬಾಚುವವಳು ಹದಿನೇಳು ತಿಂಗಳ ಮಗಳು. ಬಾಚಣಿಗೆ ತಲೆಕೆಳಗು, ಆದರೂ ಕೆಲಸ ನಡೆಯುತ್ತದೆ.

ಇನ್ನೊಂದು ಅಳುವಿನ ಬಗ್ಗೆ ಮಾತಾಡಬೇಕು. ಹೆತ್ತ ಮೊದಲ ವಾರಗಳಲ್ಲಿ ಕಾರಣವಿಲ್ಲದೆ ಕಣ್ಣು ತುಂಬುವುದು ಬಹಳ ಮಂದಿಗೆ ಆಗುತ್ತದೆ, ತಾನಾಗಿ ಕಡಿಮೆಯಾಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮಕ್ಕಳನ್ನು ನೋಡಲೇ ಮನಸ್ಸಿಲ್ಲದಿದ್ದರೆ, ಬದುಕು ಬೇಡ ಅನಿಸಿದರೆ, ಅದು ಕಾಯಿಲೆ. ಅದಕ್ಕೆ ಮದ್ದು ಉಂಟು, ಹಾಲೂಡಿಸುವಾಗ ತೆಗೆದುಕೊಳ್ಳಬಹುದಾದ ಮದ್ದೂ ಉಂಟು. "ಈಮಾನು ಕಡಿಮೆ" ಎಂದೋ "ಗಾಳಿ ಸೋಂಕಿದೆ" ಎಂದೋ ದಿನ ದೂಡಬಾರದು. ಮಂತ್ರಿಸಿದ ನೀರು ಕೊಡುವವರು ಕೊಡಲಿ, ಜೊತೆಗೆ ವೈದ್ಯರ ಹತ್ತಿರವೂ ಕರೆದುಕೊಂಡು ಹೋಗಲಿ. ಹೊರಗೆ ಹೋಗಲು ಸಂಕೋಚವಾದರೆ ಸರಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪ್ರಾಣದ ಬಗ್ಗೆ ಮಾತೆತ್ತಿದ ತಾಯಿಯನ್ನು ಮಾತ್ರ ಒಂಟಿಯಾಗಿ ಬಿಡಬಾರದು, ಅವತ್ತೇ ಆಸ್ಪತ್ರೆಗೆ.

ಪರದೆಯಾಚೆಯ ಉಪ್ಪ

ಗಲ್ಫಿನಲ್ಲಿರುವ ತಂದೆ ಏನು ಮಾಡಬಹುದು? ಬಹಳಷ್ಟು ಉಂಟು. ವಿಡಿಯೋ ಕಾಲ್ ಬಂದ ಕೂಡಲೇ "ಪಾಪುವನ್ನು ತೋರಿಸು" ಎನ್ನುವುದು ಸಹಜ. ಆದರೆ ಫೋನಿನ ಹತ್ತಿರ ಮೊದಲು ಓಡಿ ಬಂದು ನಿಂತಿರುವುದು ದೊಡ್ಡ ಮಗು. ಮೊದಲ ಐದು ನಿಮಿಷ ಅದರದ್ದು. ಅದು ತೋರಿಸುವ ಮುರಿದ ಕಾರು, ಮೊಣಕಾಲಿನ ಗಾಯ, ತಟ್ಟೆಯಲ್ಲಿ ಉಳಿದ ಪತ್ತಿರ್ ಎಲ್ಲ ನೋಡಿ. ಆಮೇಲೆ ಕೂಸು. ಕೂಸಿಗೇನೂ ಬೇಸರವಿಲ್ಲ, ಅದು ಮಲಗಿದೆ.

ರಜೆ ಇರುವುದು ಒಂದೇ ತಿಂಗಳಾದರೆ ಅದನ್ನು ಹೆರಿಗೆಯ ದಿನಕ್ಕೇ ಇಡಬೇಕಾ ಎಂಬುದನ್ನೂ ಯೋಚಿಸಿ. ಮೊದಲ ನಲ್ವತ್ತು ದಿನ ಮನೆ ತುಂಬ ಜನ. ಅದು ಮುಗಿದು ತವರಿನವರು, ಬಾಣಂತನಕ್ಕೆ ಬಂದ ಹೆಂಗಸು ಎಲ್ಲರೂ ಹೋದ ಮೇಲೆ ಎರಡು ಮಕ್ಕಳ ಜೊತೆ ತಾಯಿ ನಿಜವಾಗಿ ಒಬ್ಬಂಟಿ ಆಗುವುದು. ಆಗ ಬಂದ ಗಂಡ ಹತ್ತು ಪಟ್ಟು ಉಪಯೋಗಕ್ಕೆ ಬರುತ್ತಾನೆ. ಊರಲ್ಲೇ ಇರುವ ತಂದೆಗೆ ನೆಪ ಇಲ್ಲ. ರಾತ್ರಿ ದೊಡ್ಡ ಮಗುವಿನ ಹೊಣೆ ಅವನದ್ದು. ಹಾಲು ಕೊಡಲು ಅವನಿಂದ ಆಗದು ಸರಿ, ನೀರು ಕೊಡಲು, ಚಡ್ಡಿ ಬದಲಿಸಲು, ಹೆಗಲ ಮೇಲೆ ಹಾಕಿ ಕೋಣೆಯಲ್ಲಿ ಅತ್ತಿಂದಿತ್ತ ನಡೆಯಲು ಆಗುತ್ತದಲ್ಲ. ಪ್ರವಾದಿಯವರು ನಮಾಝಿನಲ್ಲೇ ಮೊಮ್ಮಗಳು ಉಮಾಮಳನ್ನು ಎತ್ತಿಕೊಂಡಿದ್ದರು ಎಂದು ವಅಳಿನಲ್ಲಿ ಕೇಳಿ ತಲೆದೂಗುವ ನಮ್ಮ ಗಂಡಸರು ಮನೆಯಲ್ಲಿ ಮಗುವಿನ ಮೂಗು ಒರೆಸಲು ಹಿಂದೇಟು ಹಾಕುವುದು ಏಕೋ ತಿಳಿಯದು.

ತಾಯಿ ಕಾರ್ಡ್ ಎರಡು, ತಾರೀಖು ಹತ್ತಾರು

ಕೂಸಿಗೆ 6, 10 ಮತ್ತು 14 ವಾರಗಳಲ್ಲಿ ಲಸಿಕೆ. ಅದೇ ಹೊತ್ತಿಗೆ ಒಂದೂವರೆ ವರ್ಷದ ಮಗುವಿಗೆ 16ರಿಂದ 24 ತಿಂಗಳೊಳಗಿನ ಬೂಸ್ಟರ್, ಎರಡನೇ ದಡಾರ-ರುಬೆಲ್ಲಾ ಲಸಿಕೆ ಬಾಕಿ ಇರುತ್ತದೆ. ಕೂಸಿನ ಗಡಿಬಿಡಿಯಲ್ಲಿ ಮರೆತು ಹೋಗುವುದು ಯಾವಾಗಲೂ ದೊಡ್ಡ ಮಗುವಿನದ್ದು. ಎರಡೂ ಕಾರ್ಡ್ ಒಂದೇ ಚೀಲದಲ್ಲಿ ಇಟ್ಟು ತಾರೀಖುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಆದರೆ ಎರಡಕ್ಕೂ ಒಂದೇ ದಿನ ಹಾಕಿಸಬೇಕೆಂದಿಲ್ಲ. ಒಂದೇ ರಾತ್ರಿ ಎರಡಕ್ಕೂ ಜ್ವರ ಬಂದರೆ ಗೊತ್ತಾಗುತ್ತದೆ ಏಕೆಂದು. ಒಂದು ವಾರದ ಅಂತರ ಇಟ್ಟುಕೊಂಡರೆ ದೊಡ್ಡದಕ್ಕೆ ಏನೂ ನಷ್ಟವಿಲ್ಲ. ಕೂಸಿನ ತಾರೀಖು ಮಾತ್ರ ಮುಂದೆ ಹಾಕಬೇಡಿ.

ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಬಂದಾಗ "ಎಲ್ಲ ಚೆನ್ನಾಗುಂಟು" ಎಂದು ಬಾಗಿಲಿಂದಲೇ ಕಳಿಸಬೇಡಿ. ಕೂಸಿನ ತೂಕ ನೋಡಲಿ, ಹೊಕ್ಕುಳು ನೋಡಲಿ. ಹೊಕ್ಕುಳಿಗೆ ಎಣ್ಣೆ, ಬೂದಿ, ಪೌಡರ್ ಏನೂ ಬೇಡ, ಒಣಗಿಸಿಟ್ಟರೆ ಒಂದೆರಡು ವಾರದಲ್ಲಿ ತಾನಾಗಿ ಬೀಳುತ್ತದೆ. ಅಂಗನವಾಡಿಯಿಂದ ಹಾಲೂಡಿಸುವ ತಾಯಿಗೂ, ಆರು ತಿಂಗಳಿಂದ ಮೂರು ವರ್ಷದ ಮಗುವಿಗೂ ಪೌಷ್ಟಿಕ ಆಹಾರ ಸಿಗುತ್ತದೆ. ಕೇಳಿ ಪಡೆಯಲು ನಾಚಿಕೆ ಎಂತದು?

ದೊಡ್ಡ ಮಗುವಿಗೆ ಶೀತ ಕೆಮ್ಮು ಬಂದಾಗ ಕೂಸಿನ ಹತ್ತಿರ ಬರದಂತೆ ಮಾಡುವುದು ಅಸಾಧ್ಯ. ಕೈ ತೊಳೆಸಿ, ಮುಖಕ್ಕೆ ಮುತ್ತಿಡುವ ಬದಲು ಪಾದಕ್ಕೆ ಮುತ್ತಿಡಲು ಕಲಿಸಿ. ಅದಕ್ಕೆ ಅದು ಆಟವಾಗುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಹಾಲು ಎಳೆಯದಿದ್ದರೆ, ಉಸಿರಾಟ ವೇಗವಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಮುಂದಿನದ್ದು ಯಾವಾಗ?

ಇದನ್ನು ಪತ್ರಿಕೆಯಲ್ಲಿ ಬರೆಯಬೇಕಾ ಎಂದು ನಮ್ಮಲ್ಲೇ ಚರ್ಚೆ ಆಯಿತು. ಬರೆಯಬೇಕು ಎಂದೇ ತೀರ್ಮಾನವಾಯಿತು. ಹಾಲೂಡಿಸುವಾಗ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಎರಡನೆಯದು ಬಂದದ್ದು. ಆ ನಂಬಿಕೆಯಲ್ಲಿ ಸ್ವಲ್ಪ ಸತ್ಯ ಉಂಟು. ಆದರೆ ಕೂಸಿಗೆ ಆರು ತಿಂಗಳಾಗಿರಬಾರದು, ಹಗಲು ರಾತ್ರಿ ಎದೆಹಾಲು ಮಾತ್ರವೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಆ ರಕ್ಷಣೆ ಹೋಯಿತು. ಒಂದು ಹೆರಿಗೆಯಿಂದ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳಿರಲಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಸೇರಿಯನ್ ಆದವರಿಗೆ ಅಂತರ ತೀರಾ ಕಡಿಮೆಯಾದರೆ ಗರ್ಭಕೋಶದ ಹಳೆಯ ಹೊಲಿಗೆ ಬಿಡುವ ಅಪಾಯವೂ ಹೆಚ್ಚು.

ಅಂತರ ಇಡುವುದು ಬೇರೆ, ಶಾಶ್ವತವಾಗಿ ನಿಲ್ಲಿಸುವುದು ಬೇರೆ. ತಾತ್ಕಾಲಿಕ ವಿಧಾನಗಳನ್ನು ಗಂಡ ಹೆಂಡತಿಯ ಒಪ್ಪಿಗೆಯಿಂದ ಅನುಸರಿಸಬಹುದು ಎಂದ ಉಲಮಾಗಳು ಬಹಳಷ್ಟು ಮಂದಿ ಇದ್ದಾರೆ. ಸಂಶಯ ಇದ್ದವರು ತಮ್ಮ ಉಸ್ತಾದರನ್ನು ಕೇಳಿಕೊಳ್ಳಲಿ. ಸರಕಾರಿ ಆಸ್ಪತ್ರೆಗಳಲ್ಲಿ ಕಾಪರ್-ಟಿ, ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು, ಹಾರ್ಮೋನು ಇಲ್ಲದ ಛಾಯಾ ಮಾತ್ರೆ, ಕಾಂಡೋಮ್ ಎಲ್ಲ ಉಚಿತ. ಯಾವುದು ಯಾರಿಗೆ ಸರಿ ಎನ್ನುವುದನ್ನು ಆರನೇ ವಾರದ ತಪಾಸಣೆಯಲ್ಲೇ ಕೇಳಬೇಕು. ಈ ಪ್ರಶ್ನೆ ಕೇಳಲು ಅತ್ತೆ ಜೊತೆಗಿದ್ದರೆ ಸೊಸೆಗೆ ಬಾಯಿ ಬರುವುದಿಲ್ಲ. ಅಂದು ಗಂಡನೋ, ತಂಗಿಯೋ ಜೊತೆಗೆ ಹೋದರೆ ಒಳ್ಳೆಯದು.

ಮಳೆಗಾಲದ ಮಾತೊಂದು ಬಾಕಿ ಉಂಟು. ನಮ್ಮ ಕರಾವಳಿಯಲ್ಲಿ ಜೂನ್ ಜುಲೈಯಲ್ಲಿ ಹೆತ್ತವರಿಗೆ ಎರಡು ಮಕ್ಕಳ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ. ಜಗಲಿ ತುಂಬ ಹಗ್ಗ, ಹಗ್ಗ ತುಂಬ ತೇವದ ವಾಸನೆಯ ಚೌಕಗಳು. ಆದ್ದರಿಂದ ಇಂಥ ಮನೆಗೆ ಕೂಸು ನೋಡಲು ಹೊರಟವರಲ್ಲಿ ಒಂದು ಕೋರಿಕೆ. ಹನ್ನೊಂದನೇ ಫ್ರಾಕು, ಹನ್ನೆರಡನೇ ಬೇಬಿ ಸೋಪಿನ ಪೆಟ್ಟಿಗೆ ಬೇಡ. ಒಂದು ಡಬ್ಬಿ ಮೀನು ಸಾರು, ಹತ್ತು ಪತ್ತಿರ್ ಕಟ್ಟಿಕೊಂಡು ಹೋಗಿ. ದೊಡ್ಡ ಮಗುವಿನ ಕೈಗೆ ಮೊದಲು ಏನಾದರೂ ಕೊಡಿ, ಎರಡು ರೂಪಾಯಿಯ ಬಲೂನಾದರೂ ಆದೀತು. ಅದನ್ನು ಎತ್ತಿಕೊಂಡು ಒಂದು ಗಂಟೆ ಅಂಗಳದಲ್ಲೋ, ಪಕ್ಕದ ಅಂಗಡಿಯವರೆಗೋ ತಿರುಗಾಡಿಸಿ ಬನ್ನಿ. ನೀವು ವಾಪಸು ಬರುವಾಗ ಕೂಸೂ ತಾಯಿಯೂ ಮಲಗಿರುತ್ತಾರೆ. ಎಬ್ಬಿಸಬೇಡಿ, ಚಹಾ ನೀವೇ ಮಾಡಿಕೊಳ್ಳಿ.